ತಲುಪಿದ್ದೀರಿ

ನನ್ನ ಬೈಕಿನ ಹೆಸರು ಪ್ಲಾನೆಟಾ.
ರಷ್ಯದವರಿದ್ದ ಕಾಲದ್ದು, ನನಗಿಂತ ಎರಡೇ ವರ್ಷ ಚಿಕ್ಕದು,
ಒದ್ದರೆ ಮಾತ್ರ ಮಾತು ಕೇಳುವ ಜಾತಿ.
ಹೆಸರಿನ ಅರ್ಥ ಗ್ರಹ.
ಈಗ ಅದರ ಟ್ಯಾಂಕಿನ ಮೇಲೆ, ಹಳೇ ಟ್ಯೂಬಿನ ರಬ್ಬರು ಬಿಗಿದುಕೊಂಡು,
ಬಯನ್‌ಖೋಂಗೊರ್ ಕಚೇರಿಯವರು ಕೊಟ್ಟ ಟ್ಯಾಬ್ಲೆಟ್ಟು
ಉಪಗ್ರಹಗಳ ಜೊತೆ ಗುಸುಗುಸು ಮಾತಾಡುತ್ತದೆ.
ಮೇಲೆ ಉಪಗ್ರಹ, ಕೆಳಗೆ ಗ್ರಹ,
ನಡುವೆ ಕೂತವಳಿಗೆ ಉಳಿದದ್ದು ಗ್ರಹಚಾರ.

ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಟ್ಯಾಬ್ಲೆಟ್ಟೂ ಇವೆ,
ಕುರಿಗಳ ಹೊಟ್ಟೆಹುಳಕ್ಕೆ, ಎಂಟುನೂರು.
ಸಹಿ ಹಾಕಿಸಿಕೊಳ್ಳುತ್ತ ಗುಮಾಸ್ತ ಗನ್‌ಸುಖ್ ನಕ್ಕಿದ್ದ:
"ಅದಲು ಬದಲಾಗಿ ಇದನ್ನು ನುಂಗಿಸಿಬಿಟ್ಟೀರಿ, ಡಾಕ್ಟರಮ್ಮ."

ಗೋಬಿಯ ಅಂಚಿನಲ್ಲಿ ದಾರಿ ಎಂದರೆ ಒಂದಲ್ಲ.
ಒಬ್ಬನ ಜಾಡು ಹಳ್ಳಬಿದ್ದರೆ ಇನ್ನೊಬ್ಬ ಅದರ ಪಕ್ಕ,
ಅವನ ಪಕ್ಕ ಮತ್ತೊಬ್ಬ,
ಬಾಚಣಿಗೆ ಎಳೆದ ಹಾಗೆ ಹದಿನಾರು ಜಾಡು,
ಎಲ್ಲವೂ ಒಂದೇ ಊರಿಗೆ, ಇಲ್ಲವೇ ಯಾವ ಊರಿಗೂ ಅಲ್ಲ.
ನಕ್ಷೆಯಲ್ಲಿ ಮಾತ್ರ ಒಂದೇ ಗೆರೆ, ನೆಟ್ಟಗೆ.
ಅದರಿಂದ ಒಂದು ಮಾರು ಸರಿದರೆ ಸಾಕು,
ಒಳಗಿನ ಹೆಂಗಸು ಶುರುಮಾಡುತ್ತಾಳೆ:
ಸಾಧ್ಯವಾದಾಗ ಹಿಂತಿರುಗಿ. ಸಾಧ್ಯವಾದಾಗ ಹಿಂತಿರುಗಿ.
ನನ್ನ ಅತ್ತೆಯೂ ಇಷ್ಟು ಸಲ ಹೇಳಿರಲಿಲ್ಲ.

ಮಾರ್ಚ್. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಖಂದ್‌ಸುರೆನ್ ಮುದುಕಿಯ ಚಳಿಗಾಲದ ಬೀಡಿಗೆ
ಅರವತ್ತೆರಡು ಕಿಲೋಮೀಟರು ಎಂದಿತ್ತು.
ಅರವತ್ತೆರಡಕ್ಕೆ ಸರಿಯಾಗಿ, ಗೇಣು ಹೆಚ್ಚಿಲ್ಲ ಕಮ್ಮಿಯಿಲ್ಲ,
ನಾನು ಬ್ರೇಕು ಹಿಡಿಯುವ ಮೊದಲೇ ಹೇಳಿತು:
ನೀವು ತಲುಪಿದ್ದೀರಿ.

ಎಲ್ಲಿಗೆ?
ನೆಲದ ಮೇಲೊಂದು ದುಂಡನೆ ಗುರುತು,
ಗುಡಾರ ಕೂತೆದ್ದ ಜಾಗ,
ಕೊಡ ಎತ್ತಿದ ಮೇಲೆ ಉಳಿಯುವ ಉಂಗುರದಂತೆ.
ನಡುವೆ ಒಲೆಯ ಬೂದಿ. ಮಗುವಿನದೊಂದು ಒಂಟಿ ಕೈಗವಸು.
ಹುಲ್ಲು ಮುಗಿದಿರಬೇಕು, ಎದ್ದು ಹೋಗಿದ್ದಾರೆ.
ನೀಲಿ ಚುಕ್ಕೆ ಮಾತ್ರ ಹಾಯಾಗಿ ಮಿಡಿಯುತ್ತಿತ್ತು
ಇಲ್ಲದ ಮನೆಯ ಹೊಸ್ತಿಲ ಮೇಲೆ.

ಆಮೇಲೆ ಅದೂ ಸತ್ತಿತು. ಚಳಿಗೆ ಬ್ಯಾಟರಿ
ನಲವತ್ತರಿಂದ ಮೂರಕ್ಕೆ, ಮೂರರಿಂದ ಕತ್ತಲಿಗೆ.
ಬೈದೆ. ಬೈದು ಮುಗಿಸಿ, ನಿಲುವಂಗಿಯ ಗುಂಡಿ ಬಿಚ್ಚಿ
ಹೊಟ್ಟೆಗೆ ಅವಚಿಕೊಂಡೆ.
ಸೆಟೆದುಹೋದ ಮರಿಗಳನ್ನು ನಾವು ಬದುಕಿಸುವುದು ಹೀಗೇ.
ಮರಿಯಾದರೆ ಒದೆಯುತ್ತದೆ, ಉಚ್ಚೆ ಹೊಯ್ಯುತ್ತದೆ.
ಇದು ಸುಮ್ಮನೆ ಕೊರೆಯಿತು.

ಹೊರತೆಗೆದು ತೋಳಿನಿಂದ ಒರೆಸಿದೆ.
ಕಪ್ಪು ಗಾಜಿನಲ್ಲಿ ನನ್ನದೇ ಮುಖ, ಮೂಗಿನ ತುದಿ ಬಿಳಿಚಿದೆ,
ಕಿವಿಯ ಹಿಂದೆ ಒಂದೆಳೆ ಹೊಗೆ.

ತಿರುಗಿದೆ.
ಹೊಗೆಯೇ. ಬಂದ ದಾರಿಯ ಬದಿಯಲ್ಲೇ, ದಿಬ್ಬದ ಮಡಿಲಲ್ಲಿ.
ಪರದೆ ನೋಡುತ್ತ ನೋಡುತ್ತ
ಅದನ್ನು ದಾಟಿಯೇ ಬಂದಿದ್ದೆ.

"ಅಲ್ಲಿ ನನ್ನ ಹೆಸರಿಗೆ ಮೊಳೆ ಹೊಡೆದಿದ್ದೀಯಲ್ಲ,"
ಎಂದಳು ಮುದುಕಿ, ಉಪ್ಪು ಚಹಾ ಬಗ್ಗಿಸುತ್ತ.
"ಮೊಳೆ ಬೇಡ. ಗೂಟ ಹೊಡಿ.
ಗೂಟವಾದರೆ ಕುದುರೆ ಕಟ್ಟಬಹುದು,
ಕಿತ್ತುಕೊಂಡೂ ಹೋಗಬಹುದು."
ಕೈಗವಸು ಸಿಕ್ಕ ಖುಷಿಗೆ ಮೊಮ್ಮಗ ಬ್ಯಾಂಬಾ
ಸೋಲಾರಿನ ತಂತಿ ಸಿಕ್ಕಿಸಿ ಅದನ್ನು ಎಬ್ಬಿಸಿದ,
ಕೆಂಪು ಗುರುತನ್ನು ಬೆರಳಲ್ಲಿ ದರದರ ಎಳೆದು
ದಿಬ್ಬ ದಾಟಿಸಿ, ಒಲೆಯ ಪಕ್ಕಕ್ಕೆ ತಂದು ಬಿಟ್ಟ.
ಪರದೆಗೆ ಬೆಣ್ಣೆ ಮೆತ್ತಿತು. ಇರಲಿ.

ಬೆಳಿಗ್ಗೆ ಮುನ್ನೂರ ಹನ್ನೆರಡು ಬಾಯಿ, ಮುನ್ನೂರ ಹನ್ನೆರಡು ಗುಳಿಗೆ.
ಒಂದು ಟಗರು ನನ್ನ ಹೆಬ್ಬೆರಳನ್ನೂ ಅಗಿಯಿತು.
ನಾಲ್ಕನೆಯ ಒದೆತಕ್ಕೆ ಪ್ಲಾನೆಟಾ ಒಪ್ಪಿತು.
ಮುಂದಿನ ಬೀಡು ಎಲ್ಲಿ ಎಂದೆ.
ಮುದುಕಿ ಗದ್ದದಿಂದ ಬಡಗಣಕ್ಕೆ ತೋರಿದಳು,
ಟ್ಯಾಬ್ಲೆಟ್ಟು ತೆಂಕಣಕ್ಕೆ.
ಬಡಗಣಕ್ಕೆ ಹ್ಯಾಂಡಲು ತಿರುವಿ ಒಂದು ಮಾರು ಹೋಗಿರಲಿಲ್ಲ,
ಅವಳು ಶುರುಮಾಡಿದಳು.
ಆಗಲಿ ತಾಯಿ, ಎಂದೆ. ಸಾಧ್ಯವಾದಾಗ.